ಚೀಲದ ಬಾಯಿ ಹಿಡಿದು ನಿಂತವರು

ಇವತ್ತು ಬೆಳಿಗ್ಗೆ ಪೆನ್ನು ಹುಡುಕುವ ಗಡಿಬಿಡಿಯಲ್ಲಿ ಮೇಜಿನ ಮೇಲಿನ ಹಿತ್ತಾಳೆ ಸೇರನ್ನೇ ಬೋರಲು ಹಾಕಿಬಿಟ್ಟೆ. ಮಸಿ ಒಣಗಿದ ಪೆನ್ನುಗಳು, ಒಂದು ಮುರುಕು ಬಾಚಣಿಗೆ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ ಎಲ್ಲ ಚೆಲ್ಲಾಡಿದವು. ಅಂಗೈಗೆ ಹಿತ್ತಾಳೆಯ ವಾಸನೆ ಹತ್ತಿತು. ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಎಷ್ಟು ವರ್ಷವಾಗಿತ್ತೋ! ಅಷ್ಟಕ್ಕೂ ನನಗೆ ಪೆನ್ನು ಬೇಕೇ ಇರಲಿಲ್ಲ. ಮಾಡಬೇಕಾಗಿದ್ದದ್ದು ಕಂಪ್ಯೂಟರಿನ ಮೇಲೆ ಒಂದು ಗುಂಡಿ ಒತ್ತುವ ಕೆಲಸ. ಒತ್ತಲು ಮನಸ್ಸಾಗದೆ ಎರಡು ಸಲ ಕಾಫಿ ಮಾಡಿ ಎರಡು ಸಲವೂ ಆರಿಸಿದ್ದೆ, ಫ್ಯಾನು ಹಾಕಿ ತೆಗೆದು ಮತ್ತೆ ಹಾಕಿದ್ದೆ. ಕೂತರೆ ಏಳಬೇಕು, ಎದ್ದರೆ ಕೂಡಬೇಕು. ಪೆನ್ನು ಹುಡುಕಿದ್ದು ಅದರ ಮುಂದಿನ ಹಂತ.

ಗುಂಡಿಯ ಕಥೆ ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯಲಿಕ್ಕಿಲ್ಲ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರೊಂದು ಇನ್ನೂ ಬದುಕಿದೆ ಎಂದು ನಟಿಸುವ ಪ್ರೋಗ್ರಾಮುಗಳಿವೆ. ಎಮ್ಯುಲೇಟರ್ ಅನ್ನುತ್ತಾರೆ. ಅಂಥದೊಂದನ್ನು ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಕೂಡಿ ಕಟ್ಟುತ್ತಿದ್ದಾರೆ. ಬಳ್ಳಾರಿಯ ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಹೇಳಿ ಗಂಟಲು ಸವೆಸಿಕೊಂಡ ನಾನು ಅದರ ಒಂದು ಮೂಲೆಗೆ ಕಾವಲುಗಾರ್ತಿ. ಆ ಮೂಲೆ ಎಂದರೆ ನಕಲಿ ಸಿ.ಡಿ. ಡ್ರೈವು. ಅಲ್ಲಿ ಡ್ರೈವೂ ಇರುವುದಿಲ್ಲ, ಸಿ.ಡಿ.ಯೂ ಇರುವುದಿಲ್ಲ. ಆದರೆ ಇದ್ದಂತೆ ನಡೆದುಕೊಳ್ಳಬೇಕು. ಯಾರಾದರೂ ಅದರ ದೋಷ ತಿದ್ದಿ ಕಳಿಸಿದರೆ ಸಾಲುಸಾಲು ಓದಿ "ಒಪ್ಪಿದೆ" ಎಂದು ಗುಂಡಿ ಒತ್ತುವವಳು ನಾನು. ಈ ವೈಭವಕ್ಕೆ ನಮ್ಮ ಮನೆಯಲ್ಲಿ ಒಂದು ಲೋಟ ಮಜ್ಜಿಗೆಯ ಮರ್ಯಾದೆಯೂ ಇಲ್ಲ, ಇರಲಿ.

ಈ ಡ್ರೈವಿನ ಒಂದು ದೋಷ ಮೊದಲು ಕಣ್ಣಿಗೆ ಬಿದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ. ಅಲ್ಲಿಯ ಒಂದು ಸಂದಿಯಲ್ಲಿ ಖಾಜಾ ಮಾಸ್ಟರು ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿಗೆ ಮಶೀನಿನಿಂದ ಹೂವು ಹೊಲಿಸುತ್ತಾರೆ. ಹೂವುಗಳೆಲ್ಲ ಅವರ ತಾಯಿ ಹುಸೇನ್‌ಬಿ ಕೌದಿಗಳ ಮೇಲೆ ಹೊಲಿಯುತ್ತಿದ್ದ ಹೂವುಗಳು. ತಾಯಿ ಬದುಕಿದ್ದಾಗಲೇ ಹನ್ನೊಂದು ನಮೂನೆಗಳನ್ನು ಒಂದು ಸಿ.ಡಿ.ಗೆ ಹಾಕಿಸಿಟ್ಟುಕೊಂಡಿದ್ದರು. ಕೌದಿಗಳು ಮೈಯುಜ್ಜಿ ಹರಿದುಹೋದವು, ಉಳಿದದ್ದು ಸಿ.ಡಿ. ಅದನ್ನು ಓದಿ ಮಶೀನಿಗೆ ಹೇಳುತ್ತಿದ್ದ ಹಳೆಯ ಕಂಪ್ಯೂಟರು ಹೋದ ವರ್ಷ ಸತ್ತಾಗ ನಾನೇ ಉತ್ಸಾಹದಿಂದ ನಮ್ಮ ಎಮ್ಯುಲೇಟರನ್ನು ಕೂಡಿಸಿಕೊಟ್ಟೆ. ಹೂವು ಬಂದವು. ಆದರೆ ಒಂದನ್ನು ಬಿಟ್ಟು ಉಳಿದ ಹತ್ತೂ ನಮೂನೆಗಳಲ್ಲಿ ಕೊನೆಗೆ ಹೊಲಿಯುವ ಮೂಲೆಯ ಸಣ್ಣ ಹೂವೊಂದು ಮಾತ್ರ ಬರಲಿಲ್ಲ.

"ಅದಽ ನಮ್ಮ ಅಮ್ಮಿ ಸಹಿ ಇದ್ದಂಗ ರೀ ಅಕ್ಕಾರ," ಎಂದರು ಮಾಸ್ಟರು. "ಸಹಿ ಇಲ್ಲದ್ದು ಯಾರ್ದರ ಆಗ್ಬೌದು. ಶುಕ್ರವಾರ ನಮಾಜ್ ಆದಮ್ಯಾಗ ಗುಜರಿಯವ ಬರ್ತಾನ. ಅಷ್ಟರಾಗ ಎಲ್ಲಾ ಹೂವು ಬಂದ್ರ ಈ ಹೂವಿನ ಮಶೀನ್ ಇಡ್ತೀನಿ. ಇಲ್ಲಾಂದ್ರ ತೂಕಕ್ಕ ಹಾಕ್ತೀನಿ. ದಿನಾ ಅದರ ಮುಖ ನೋಡಾಕ ಆಗವಲ್ದು."

ಕಾರಣ ಕೇಳಿದರೆ ನಗುತ್ತೀರಿ. ಹಳೆಯ ಕಂಪ್ಯೂಟರು ಡ್ರೈವಿಗೆ, "ನಾನು ಒಂದು ಸಲಕ್ಕೆ ಇಷ್ಟೇ ಹಿಡಿಯಬಲ್ಲೆ, ಅಷ್ಟಷ್ಟೇ ಕೊಡು" ಎಂದು ಹೇಳುತ್ತದೆ. ಡ್ರೈವು ಅಳೆದು ಅಳೆದು ಕೊಡುತ್ತದೆ. ಕೊನೆಗೆ ಪೂರ್ತಿ ಅಳತೆ ತುಂಬದ ಚೂರು ಉಳಿದರೆ ನಮ್ಮ ನಕಲಿ ಡ್ರೈವು, "ತುಂಬಲಿಲ್ಲ, ಆದ್ದರಿಂದ ಮುಗಿಯಿತು" ಎಂದು ಕೈತೊಳೆದುಕೊಳ್ಳುತ್ತಿತ್ತು. ಹುಸೇನ್‌ಬಿಯ ಸಣ್ಣ ಹೂವು ಆ ಚೂರಿನಲ್ಲಿತ್ತು.

ಮುಖ ಕಾಣದ ಒಬ್ಬ ಪುಣ್ಯಾತ್ಮ ಮೊನ್ನೆ ಇದಕ್ಕೆ ತಿದ್ದುಪಡಿ ಕಳಿಸಿದ್ದ. ನಿನ್ನೆ ಮಧ್ಯಾಹ್ನ ಅದನ್ನು ಮಾಸ್ಟರ ಅಂಗಡಿಗೆ ಒಯ್ದು ಎರಡು ನಮೂನೆ ಹೊಲಿಸಿ ನೋಡಿದೆವು. ಎರಡಕ್ಕೂ ಮೂಲೆಯಲ್ಲಿ ಹೂವು ಕೂತಿತು! ಮಾಸ್ಟರು ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡರು, ಚಹಾ ತರಿಸಿದರು. "ಒತ್ತಿಬಿಡ್ರಿ ಅಕ್ಕಾರ ನಿಮ್ಮ ಒಪ್ಪಿಗಿ," ಎಂದರು. ನಾಳೆ ಒತ್ತುತ್ತೇನೆ ಎಂದು ಬಂದೆ. ಆ ನಾಳೆ ಇವತ್ತಾಗಿತ್ತು, ಶುಕ್ರವಾರ. ನಾನು ಬೋರಲು ಬಿದ್ದ ಸೇರನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಏನೋ ಒಂದು ನೋಡದೆ ಬಿಟ್ಟಿದ್ದೇನೆ ಅನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಯಾವುದೆಂದು ತಿಳಿಯುತ್ತಿರಲಿಲ್ಲ.

ಈ ಸೇರು ಸಿರುಗುಪ್ಪದ ಅತ್ತಿಯದು, ನನ್ನ ಅಪ್ಪನ ಅಕ್ಕನದು. ಹೊಸ ಅಕ್ಕಿ ಬಂದ ದಿನ ಪಡಸಾಲೆಯಲ್ಲಿ ರಾಶಿ ಹಾಕಿಸಿ ಮನೆಮನೆಯ ಪಾಲು ಅಳೆಯುವುದು ಅವಳ ಪದ್ಧತಿ. ಕುರುಗೋಡಿನ ಚಿಕ್ಕಪ್ಪನ ಮನೆಗೆ ಹನ್ನೆರಡು ಸೇರು, ಬಳ್ಳಾರಿಯ ನಮ್ಮ ಮನೆಗೆ ಹನ್ನೆರಡು, ಆಮೇಲೆ ಹುಸೇನ್‌ಬಿಗೆ ಹನ್ನೆರಡು. ಹೌದು, ಅದೇ ಹುಸೇನ್‌ಬಿ. ಸಿರಿಗೇರಿಯಿಂದ ಬಸ್ಸಿಗೆ ಬಂದು, ಅತ್ತಿಯ ಪಡಸಾಲೆಯಲ್ಲೇ ಕೂತು, ನಮ್ಮೆಲ್ಲರ ಹಳೆಯ ಸೀರೆಗಳನ್ನು ಕೌದಿ ಮಾಡುತ್ತಿದ್ದಳು. ಮಾಸ್ಟರು ಆಗ ಬಳ್ಳಾರಿಯಲ್ಲಿ ಕೆಲಸ ಕಲಿಯುತ್ತಿದ್ದರು, ನನಗೆ ಗುರುತಿರಲಿಲ್ಲ. ಗುರುತಾದ ಮೇಲೂ ಅತ್ತಿಯ ಮನೆಯ ಮಾತನ್ನು ನಾನು ಅವರ ಮುಂದೆ ತೆಗೆದಿರಲಿಲ್ಲ.

ಅತ್ತಿಯ ಎಣಿಕೆಯೇ ಬೇರೆ. ಮೊದಲ ಸೇರಿಗೆ ಅವಳು ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದಳು. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಂದ ಮುಂದೆ ಏಳು ಅನ್ನುತ್ತಿರಲಿಲ್ಲ, "ಆರೂ ಒಂದು" ಎಂದು ಎಂಟಕ್ಕೆ ಹಾರುತ್ತಿದ್ದಳು. ಯಾಕೆಂದು ಕೇಳಿದೆ.

"ಅಯ್ಯ ಹುಚ್ಚಿ, ಲಕ್ಷ್ಮಿ ಈಗ ಮನೀಗೆ ಬಂದು ಕೂತಾಳ. ಆಕಿ ಮುಂದ ಏಳು ಅಂದ್ರ ಎದ್ದು ಹೋಗೂದಿಲ್ಲೇನು? ತೆಲುಗಿನವರನ್ನ ಕೇಳು, ಅವರ ಏಡು ಅಂದ್ರ ಅಳು ಅಂತನೂ ಆಗ್ತದ. ಎರಡೂ ಭಾಷಾದೊಳಗ ಆ ಅಂಕಿ ನಡತಿ ಛಲೋ ಇಲ್ಲ."

ನಾನು ಪಿಯುಸಿ ಮೊದಲ ವರ್ಷದಲ್ಲಿದ್ದ ರಜೆಯಲ್ಲಿ ಅತ್ತಿಯ ಮುಂಗೈ ಉಳುಕಿತು. ಅಳತೆ ನನ್ನ ಪಾಲಿಗೆ ಬಂತು. ಅವಳು ಮೂವತ್ತಾರು ಸೇರು ಅಕ್ಕಿಯನ್ನು ಮೊದಲೇ ಬೇರೆ ರಾಶಿ ಹಾಕಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ಮಲಗಿದ್ದಳು. ಗಣಿತದಲ್ಲಿ ನನಗೆ ಒಳ್ಳೆಯ ಅಂಕ ಬರುತ್ತಿದ್ದವು. ಆ ಜಂಬ ಬೇರೆ. ರಾಗವಾಗಿ ಶುರುಮಾಡಿದೆ: ಲಾಭ, ಒಂದು, ಎರಡು, ಮೂರು, ನಾಲ್ಕು, ಐದು, ಆರು, ಆರೂ ಒಂದು, ಏಳು, ಎಂಟು…

ತಪ್ಪು ನಿಮಗೆ ಸಿಕ್ಕಿತಲ್ಲ? ನನಗೆ ಸಿಗಲಿಲ್ಲ. ಲಾಭದ ಮೇಲೆ ಒಂದು, ಆರೂ ಒಂದರ ಮೇಲೆ ಏಳು. ನನ್ನ ಹನ್ನೆರಡು ಎಂದರೆ ಹದಿನಾಲ್ಕು. ಕುರುಗೋಡಿನ ಚೀಲಕ್ಕೆ ಎರಡು ಸೇರು ಹೆಚ್ಚು ಹೋಯಿತು, ನಮ್ಮ ಚೀಲಕ್ಕೂ ಎರಡು. ಕೊನೆಗೆ ಹುಸೇನ್‌ಬಿ ಚೀಲದ ಬಾಯಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು. ಆರೂ ಒಂದು ಎಂದು ಸುರುವಿದೆ. ಏಳು ಎಂದು ಸೇರು ಹಾಕಿದರೆ ನೆಲ ಕರ್ ಎಂದಿತು. ರಾಶಿ ಇರಲಿಲ್ಲ. ನಾನು ಬರಿ ಸೇರು ಹಿಡಿದು ಕೂತೆ. ಅವಳು ಚೀಲ ಹಿಡಿದು ನಿಂತೇ ಇದ್ದಳು. ಮುಂದಿನದು ಬರುತ್ತದೆ ಎಂದು ನಾನು ಕೂಗಿದ್ದೆನಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂದಳು: "ಏಳು ಅಂದ್ಯಲ್ಲವಾ? ಎದ್ದೇ ನಿಂತೀನಿ ನೋಡು. ಇನ್ನ ಹೋಗಲೇನು?"

ಅವಳು ನಕ್ಕಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಣಿಕೆ ನಿಂತದ್ದು ಕೇಳಿ ಅತ್ತಿ ಎದ್ದು ಬಂದಳು. ನೆಲ ನೋಡಿದಳು, ಕಟ್ಟಿಟ್ಟ ಚೀಲಗಳನ್ನು ನೋಡಿದಳು. ಅಡಿಗೆಮನೆಯ ಡಬ್ಬಿಯಿಂದ ಅಕ್ಕಿ ತಂದು, ಎಡಗೈಯಲ್ಲಿ ನಾಲ್ಕು ಸೇರು ಅಳೆದು ಸುರುವಿದಳು. ಹುಸೇನ್‌ಬಿ ಬಸ್ಸಿಗೆ ಹೋದಮೇಲೆ ನನ್ನನ್ನು ಕರೆದಳು.

"ಕಡಿಮಿ ಬಿದ್ದದ್ದಕ್ಕ ನಾ ಏನೂ ಅನ್ನೂದಿಲ್ಲ. ಇಲ್ಲದ ಸೇರಿಗೆ ಆಕಿ ಕಡೆ ಚೀಲದ ಬಾಯಿ ಹಿಡಿಸಿದಿ ನೋಡು, ಅದು ತಪ್ಪು. ಕೂಗೂದಕ್ಕಿಂತ ಮೊದಲ ರಾಶಿ ಕಡೆ ನೋಡಬೇಕವಾ. ಅದ ಅಂದ್ರ ಕೂಗು. ಇಲ್ಲ ಅಂದ್ರ, ಆತು ಅಂತ ಹೇಳಿ ಬಿಟ್ಟುಬಿಡು. ನಿಲ್ಲಿಸಬಾರದು."

ಇಷ್ಟು ನೆನಪಾಗುವ ಹೊತ್ತಿಗೆ ಹಲ್ಲಿನ ಸಂದಿಯ ನಾರು ಕೈಗೆ ಸಿಕ್ಕಿತ್ತು. ಸೇರನ್ನು ಅಲ್ಲೇ ಬಿಟ್ಟು ಕಂಪ್ಯೂಟರಿಗೆ ಓಡಿದೆ. ತಿದ್ದುಪಡಿ ಬರೆದ ಪುಣ್ಯಾತ್ಮ ಕೊನೆಯ ಚೂರನ್ನು ಕೊಡಲು ಮರೆಯಬಾರದೆಂದು, ಪ್ರತಿ ಸಲವೂ ಕೊನೆಗೆ "ಇನ್ನೊಂದು ಬಂತು, ಹಿಡಿ" ಎಂದು ಕೂಗಿಸಿದ್ದ. ಚೂರು ಉಳಿದಿದ್ದರೆ ಸರಿ. ಅಳತೆಗಳು ಸರಿಯಾಗಿ ತುಂಬಿ ಏನೂ ಉಳಿಯದೆ ಹೋದರೆ? ನಿನ್ನೆ ನಾವು ನೋಡಿದ್ದು ಎರಡೇ ನಮೂನೆ. ಮಾಸ್ಟರ ಸಿ.ಡಿ.ಯ ಪ್ರತಿ ನನ್ನಲ್ಲಿತ್ತು. ಹನ್ನೊಂದನ್ನೂ ಒಂದೊಂದಾಗಿ ತೆರೆದೆ. ಒಂಬತ್ತನೆಯದರ ಹತ್ತಿರ, ಮೊದಲಿನಿಂದ ಪೂರ್ತಿ ಬರುತ್ತಿದ್ದ ಆ ಒಂದರ ಹತ್ತಿರವೇ, ಹೊಟ್ಟೆಯೊಳಗಿನ ಹಳೆಯ ಕಂಪ್ಯೂಟರು ಗಕ್ಕನೆ ನಿಂತಿತು. ಪರದೆಯ ಮೇಲೆ ಮರಳು ಗಡಿಯಾರ. ಐದು ನಿಮಿಷ, ಹತ್ತು ನಿಮಿಷ. ಚೀಲದ ಬಾಯಿ ಹಿಡಿದು ನಿಂತೇ ಇತ್ತು, ಪಾಪ.

ಮಾಸ್ಟರಿಗೆ ಫೋನು ಮಾಡಿದೆ. "ಮಾಸ್ಟ್ರೇ, ಒಂದು ನಮೂನಿ ನಿಲ್ತೈತ್ರಿ. ಒಂಬತ್ತನೇದು."

ಆ ಕಡೆ ಮಾಸ್ಟರು ಮಶೀನುಗಳನ್ನು ನಿಲ್ಲಿಸಲು ಹೇಳಿದ್ದು ಕೇಳಿಸಿತು. ಆಮೇಲೆ, "ಅದು ಅಮ್ಮಿ ಕಡೀಗೆ ಹೊಲದಿದ್ದು ರೀ," ಎಂದರು. ಮತ್ತೆ ತಾವೇ, "ಹೋಗ್ಲಿ ಬಿಡ್ರಿ, ಹತ್ತು ಬರ್ತಾವಲ್ಲ, ಒತ್ತಿಬಿಡ್ರಿ," ಎಂದರು. ಬಿಡುವವರ ದನಿ ಹಾಗಿರುವುದಿಲ್ಲ.

"ನಾ ಒತ್ತೂದಿಲ್ಲ. ಗುಜರಿಯವ ಬಂದ್ರ ಚಹಾ ಕುಡಿಸಿ ಕೂಡಿಸ್ರಿ."

"ಎಷ್ಟು ಚಹಾ ಕುಡಿಸ್ಲಿ ಅಕ್ಕಾರ?"

"ಹೂವು ಬರೋತನಕ!"

ತಿದ್ದುಪಡಿಯವನಿಗೆ ಬರೆಯಲು ಕೂತೆ. ಮೊದಲು ಅಕ್ಕಿ, ಸೇರು, ಲಕ್ಷ್ಮಿ ಎಲ್ಲ ಸೇರಿ ಉದ್ದದ ಪುರಾಣವಾಯಿತು. ಅಳಿಸಿದೆ. ಕೂಗುವ ಮೊದಲು ಏನಾದರೂ ಉಳಿದಿದೆಯೇ ನೋಡು, ಇಲ್ಲದಿದ್ದರೆ ಮುಗಿಯಿತು ಎಂದು ಹೇಳಿ ಬಿಡು ಎಂದಷ್ಟೇ ಬರೆದೆ. ನನ್ನ ಕಡೆ ಸರಿಯಾಗೇ ಇದೆಯಲ್ಲ ಎಂದು ಅವನ ಉತ್ತರ ಬಂತು. ನಿಂತುಹೋದ ಒಂಬತ್ತನೆಯದರ ವಿವರ ಕಳಿಸಿದೆ. ಆಮೇಲಿನ ಮುಕ್ಕಾಲು ಗಂಟೆ ನಾನು ಮನೆಯೊಳಗೆ ಎಷ್ಟು ಮೈಲಿ ನಡೆದೆನೋ ಕಾಣೆ. ಕೊನೆಗೆ ಹೊಸ ತಿದ್ದುಪಡಿ ಬಂತು. ಒಂದೇ ಸಾಲು ಹೆಚ್ಚು. ಜೊತೆಗೆ, ಇದು ನನಗೆ ಹೊಳೆಯಬೇಕಿತ್ತು ಎಂದು ಬರೆದಿದ್ದ. ಯಾರಿಗೆ ಹೊಳೆದಿತ್ತಪ್ಪಾ, ಎಂದುಕೊಂಡೆ.

ಬ್ರೂಸ್‌ಪೇಟೆ ಮುಟ್ಟಿದಾಗ ಗುಜರಿಯವನು ತಕ್ಕಡಿ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದ. ಎಷ್ಟನೆಯದೋ. ಮಾಸ್ಟರು ಜಾಗ ಬಿಟ್ಟರು. ಹೊಸದನ್ನು ಕೂಡಿಸಿದೆ. ಹನ್ನೊಂದು ಜೇಬು ಹೊಲಿಯುವಷ್ಟು ಹೊತ್ತು ಮೂವರೂ ನಿಂತೇ ಇದ್ದೆವು. ಒಂಬತ್ತನೆಯದು ಎಲ್ಲಿಯೂ ನಿಲ್ಲಲಿಲ್ಲ. ಸೂಜಿ ಮೂಲೆಗೆ ಹೋಗಿ, ಸಣ್ಣ ಹೂವಿನ ಸುತ್ತು ಹಾಕಿ, ದಾರ ಕತ್ತರಿಸಿತು.

ಮಾಸ್ಟರು ಜೇಬುಗಳನ್ನು ಹಲಗೆಯ ಮೇಲೆ ಹರವಿ ಬೆರಳಿಟ್ಟು ಎಣಿಸಿದರು: "ಲಾಭ, ಎರಡು, ಮೂರು, ನಾಕು, ಐದು, ಆರು, ಆರೂ ಒಂದು, ಎಂಟು…"

"ಇದ್ಯಾರು ಕಲಿಸಿದ್ರಿ ನಿಮಗ?"

"ಅಮ್ಮಿ ರೀ. ಸಿರುಗುಪ್ಪದಾಗ ಒಬ್ಬ ಅಮ್ಮಾರು ಅಕ್ಕಿ ಹಿಂಗ ಅಳೀತಿದ್ರಂತ. ಒಂದು ವರ್ಷ ಅವರ ಮನ್ಯಾಗ ಒಬ್ಬ ಹುಡುಗಿ ಎಣಿಕಿ ತಪ್ಪಿಸಿ ರಾಶಿ ಖಾಲಿ ಮಾಡಿಬಿಟ್ಲಂತ. ಅಮ್ಮಾರು ಡಬ್ಬಿಯಾಗಿನ ಹಳೀ ಅಕ್ಕಿ ಕೊಟ್ರು. ಏನ್ ಅನ್ನ ರೀ ಅದು, ಮಲ್ಲಿಗಿ ಮೊಗ್ಗಿನಂಗ! ಮುಂದ ಪ್ರತಿ ವರ್ಷ ಅಮ್ಮಿ ಅನ್ನಾಕಿ, ಈ ಸಲಾನೂ ಆ ಹುಡುಗೀನಽ ಅಳದಿದ್ರ ಛಲೋ ಇತ್ತು ಅಂತ."

ಗುಜರಿಯವನು ನಕ್ಕ. ಇಷ್ಟು ವರ್ಷ ಚೀಲ ಹಿಡಿದ ಆ ಎರಡು ಕೈಗಳನ್ನು ನೆನೆದಾಗಲೆಲ್ಲ ನಾನು ತಲೆ ತಗ್ಗಿಸಿದ್ದೆ.

"ಆಕಿ ನಾನಽ ರೀ ಮಾಸ್ಟ್ರೇ."

ಮಾಸ್ಟರು ನನ್ನನ್ನು ನೋಡಿದರು, ಜೇಬುಗಳನ್ನು ನೋಡಿದರು. ಮತ್ತೆ ಮೊದಲಿನಿಂದ, ಈ ಸಲ ಗಟ್ಟಿಯಾಗಿ ಎಣಿಸಿದರು. ಹನ್ನೊಂದು ಸರಿಯಾಗಿದ್ದವು.

"ಈಗ ಒತ್ರಿ," ಎಂದರು.

ಅಲ್ಲೇ ನಿಂತು, ಫೋನಿನಲ್ಲೇ ಒತ್ತಿದೆ. ಮನೆಗೆ ಬಂದವಳು ಮೇಜಿನ ಮೇಲೆ ಬಿದ್ದಿದ್ದ ಪೆನ್ನುಗಳನ್ನು ಒಂದು ಗಾಜಿನ ಲೋಟಕ್ಕೆ ಹಾಕಿದೆ. ಸೇರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದೇನೆ. ಒಣಗಲೆಂದು ಕಿಟಕಿಯಲ್ಲಿಟ್ಟಿದ್ದೇನೆ, ಬಾಯಿ ಮೇಲೆ ಮಾಡಿ.