ಹಾಯಿದೋಣಿಯ ಸಿಗ್ನಲ್ ಮಾವ
ಕೇಳದೆ ನನ್ನ ಬಿದಿರಿನ ಗಳ ಎತ್ತಿಕೊಂಡು ಹೋದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಕ್ಕದ ಹಾಯಿದೋಣಿಯ ಈ ಸಿಗ್ನಲ್ ಮಾವನಿಗೆ ಹಾಯಿ ಹರಿದರೂ ಚಿಂತೆಯಿಲ್ಲ, ವೈಫೈ ಹೋದರೆ ಜೀವ ಹೋದಂತೆ. ಆ ಗಳದ ತುದಿಗೆ ಆಂಟೆನಾ ಕಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿಯ ಟೋಪಿ ಹಾಕಿದ್ದಾನೆ. ಅದನ್ನು ದಡದ ಕಡೆ ತಿರುಗಿಸಿ ಕೂರುವಷ್ಟರಲ್ಲಿ ಗಾಳಿಗೆ ದೋಣಿಯೇ ತಿರುಗಿಬಿಡುತ್ತದೆ. “ತಮ್ಮಾ, ನಿನ್ನ ದೋಣಿ ಸ್ವಲ್ಪ ಸರಿಸೋ, ಸಿಗ್ನಲ್‌ಗೆ ಅಡ್ಡ ಬರ್ತಿದೆ!” “ಸಮುದ್ರಾನೂ ಸರಿಸ್ಲಾ, ಮಾವ?” ಎಂದು ರೇಗುತ್ತೇನೆ. ಒಂದು ದಿನ ಫೋನ್ ತಂದು ನನ್ನ ಮೂಗಿಗೇ ಹಿಡಿದ. ವಿಡಿಯೋ ಕರೆಯಲ್ಲಿ ಅವನ ಮೊಮ್ಮಗಳು. ಕಿವಿ ಕೇಳದ, ಮಾತು ಬಾರದ ಪುಟ್ಟ ಮಗು. ಅದು ಕೈಸನ್ನೆ ಮಾಡುವಾಗಲೇ ಚಿತ್ರ ನಿಂತು, ಅಂಗೈ ಅರ್ಧಕ್ಕೇ ಉಳಿದಿತ್ತು. “ಇದು ಬಾ ಅಂತಲೋ, ಟಾಟಾ ಅಂತಲೋ? ನೋಡಿ ಹೇಳೋ.” ನನಗೂ ತಿಳಿಯಲಿಲ್ಲ. ಆಮೇಲೆ ಸಿಗ್ನಲ್ ಬಂತು, ಕರೆ ಬರಲಿಲ್ಲ. ಮಗುವಿಗೆ ಅವನು ಕೊಡಬೇಕಾದ ಉತ್ತರ ಹಾಗೇ ಬಾಕಿ ಉಳಿಯಿತು.