ಹಸಿರು ಸೀರೆಯ ಮೆಸೇಜು ಹೋಗದ ದಿನ

ನಿಮಗೂ ಹೀಗಾಗಿದೆಯಾ, ಹೇಳಿ. ಮೆಸೇಜು ಬರೆದು ಒತ್ತುತ್ತೀರಿ. ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬಂದು ಅಲ್ಲೇ ನಿಂತುಬಿಡುತ್ತದೆ. ಫೋನನ್ನು ಕಿಟಕಿಗೆ ಹಿಡಿಯುತ್ತೀರಿ, ಆಫ್ ಮಾಡಿ ಆನ್ ಮಾಡುತ್ತೀರಿ. ಪ್ಯಾಕ್ ಮುಗಿದಿರಬೇಕೆಂದು ಇನ್ನೊಂದು ಹಾಕಿಸುತ್ತೀರಿ, ಸುಮ್ಮನೆ ಇದ್ದ ಗಂಡನಿಗೆ ಬೈಯುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಕೆಟ್ಟಿರುವುದು ನಿಮ್ಮ ಫೋನಲ್ಲ, ದೇಶಕ್ಕೆ ದೇಶವೇ ಆ ಗಡಿಯಾರವನ್ನು ನೋಡಿಕೊಂಡು ಕೂತಿದೆ ಅಂತ. ನಾವೆಲ್ಲ ಬಳಸುವ ಆ ಆ್ಯಪ್ ಕೆಲವು ಗಂಟೆ ನಿಂತುಹೋಗಿತ್ತಲ್ಲ, ಅಂಥ ಒಂದು ದಿನದ ಮಾತು. ಮರುದಿನ ಎಲ್ಲರಿಗೂ ಅದು ತಮಾಷೆ. ನನಗೆ ಅದು ನಮ್ಮಕ್ಕನನ್ನು ಮಣ್ಣು ಮಾಡಿದ ದಿನ.

ನಾನು ಗುಂಡ್ಲುಪೇಟೆಯ ಜಯ. ಈಗ ಇರುವುದು ಗುಜರಾತಿನ ವಡೋದರಾದಲ್ಲಿ. ನಮ್ಮೆಜಮಾನರು ಈರುಳ್ಳಿ ಲಾರಿ ಓಡಿಸುತ್ತಿದ್ದರು. ಬೆನ್ನು ಹಿಡಿದು ಸ್ಟೇರಿಂಗ್ ಬಿಡಬೇಕಾದಾಗ, ಇಲ್ಲಿ ದೋಸೆ ಗಾಡಿ ಹಾಕಿಕೊಂಡಿದ್ದ ಅವರ ಹಳೇ ಜೊತೆಗಾರರೊಬ್ಬರು ಕರೆದರು. ಬಂದೆವು. ರೈಲು ಇಳಿದ ದಿನವೇ ಮನೆ ಹುಡುಕಲು ಫೋನು ತೆಗೆದೆ. ಬಾಡಿಗೆ ಮನೆ ತೋರಿಸುವ ಆ್ಯಪು ಎಷ್ಟು ಕೋಣೆ ಎಂದು ಕೇಳುವ ಮೊದಲೇ ಮಾಂಸ ತಿನ್ನುತ್ತೀರಾ ಎಂದು ಕೇಳಿತು. ತಿನ್ನುತ್ತೇವೆ ಎಂದು ಒತ್ತಿದೆ. ಅಷ್ಟೊತ್ತೂ ಕಾಣುತ್ತಿದ್ದ ಮನೆಗಳೆಲ್ಲ ಒಂದೇ ಏಟಿಗೆ ಮಾಯ. ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಕೇಳಿ ಹೋದರೆ ನೀವು ಯಾವೂರು, ಯಾರ ಪೈಕಿ ಅಂತ ಕೆದಕುತ್ತಾರೆ. ಅದೂ ಒಳ್ಳೆಯದಲ್ಲ, ಬಿಡಿ. ಆದರೆ ಅಲ್ಲಿ ಕೇಳುವ ಬಾಯಿಗೆ ತಿರುಗಿ ಎರಡು ಮಾತು ಹೇಳಬಹುದು. ಫೋನಿಗೆ ಏನು ಹೇಳುತ್ತೀರಿ?

ಕೊನೆಗೆ, ಒಳಗೆ ಮೀನು ಮಾಂಸ ಬೇಯಿಸಬಾರದು ಎಂಬ ಮಾತಿನ ಮೇಲೆ, ಮನೆ ಕೊಟ್ಟವರು ಭಾನುಬೇನ್. ಬೇನ್ ಎಂದರೆ ಅಕ್ಕ ತಂಗಿ ಎಂದಂತೆ, ಇಲ್ಲಿ ಎಲ್ಲ ಹೆಂಗಸರ ಹೆಸರಿಗೂ ಅದು ಬಾಲ. ನಾನು ಜಯಾಬೇನ್ ಆದೆ. ನಮ್ಮ ಒಣಮೀನು ಡಬ್ಬದಲ್ಲೇ ಉಳಿಯಿತು. ನಾವೂ ಹಾಕಿದ ದೋಸೆ ಗಾಡಿಗೆ ಬಂದವರು ಸಾಂಬಾರಿಗೆ ಬೆಲ್ಲ ಹಾಕಿ ಎಂದರು, ಹಾಕಿದೆವು. ರಾಗಿಗೆ ಇಲ್ಲಿ ನಾಗಲಿ ಅನ್ನುತ್ತಾರೆ, ಮೊದಲ ಸಲ ಅದನ್ನು ಫೋನಿನಲ್ಲಿ ತರಿಸಿಕೊಂಡರೆ ಔಷಧಿ ಪೊಟ್ಟಣದ ಹಾಗೆ ಅಂಗೈಯಷ್ಟು ಬಂತು. ನಮ್ಮೆಜಮಾನರು ಅದನ್ನು ತೂಗಿ ನೋಡಿ, "ಇದ್ರಲ್ಲಿ ಮುದ್ದೆ ಕಟ್ಟೀಯ, ಇಲ್ಲ ಬೊಟ್ಟಿಟ್ಕತೀಯ?" ಎಂದರು. ಆ ತಿಂಗಳು ನಾವು ನಕ್ಕಿದ್ದು ಅದೊಂದೇ ಸಲ ಅಂತ ನೆನಪು.

ಇಲ್ಲಿನವರ ಬಾಯಲ್ಲಿ ಯಾವಾಗಲೂ ಒಂದು ಮಾತಿರುತ್ತದೆ, ಚಾಲ್ಶೇ. ನಡೆಯುತ್ತೆ ಬಿಡಿ ಅಂತ ಅರ್ಥ. ನಲ್ಲಿ ಸೋರುತ್ತಿದೆ ಎಂದರೆ ಚಾಲ್ಶೇ. ಚಿಲ್ಲರೆ ಇಲ್ಲ ಎಂದರೆ ಚಾಲ್ಶೇ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಇನ್ನು ನಮ್ಮಕ್ಕ. ನಮಗೆ ಅಪ್ಪ ಅವ್ವ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಅಕ್ಕನನ್ನು ಚಾಮರಾಜನಗರದ ಹತ್ತಿರದ ಹರವೆಗೆ ಕೊಟ್ಟಿತ್ತು. ಅವಳಿಗೆ ತವರು ಎಂದರೆ ನಾನು, ನನಗೆ ತವರು ಎಂದರೆ ಅವಳು. ಗೌರಿ ಹಬ್ಬಕ್ಕೆ ನಾನು ಅವಳ ಮನೆಗೆ ಬಾಗಿನ ಕಳಿಸುತ್ತಿದ್ದೆ, ಅವಳು ನನ್ನ ಮನೆಗೆ ಕಳಿಸುತ್ತಿದ್ದಳು. ವಡೋದರಾಕ್ಕೆ ಬಂದ ಮೇಲೂ ಬಿಡಲಿಲ್ಲ. ಫೋನಿನಲ್ಲಿ ಆರ್ಡರ್ ಮಾಡಿ ಹರವೆಗೇ ಮುಟ್ಟಿಸುತ್ತಿದ್ದೆ. ಆರ್ಡರ್ ಮಾಡುವ ಆ್ಯಪಿನಲ್ಲಿ ಅವಳ ಮನೆ ವಿಳಾಸಕ್ಕೆ "ತವರು" ಎಂದೇ ಹೆಸರು ಕೊಟ್ಟಿದ್ದೇನೆ. ಅಕ್ಕ ಮಾತ್ರ ಬಟನ್ ಫೋನ್ ಬಿಡಲಿಲ್ಲ. ಮುಖ ಕಾಣುವ ಫೋನು ತಗೋ ಎಂದರೆ, "ನಿನ್ ಮೊಕ ನಂಗ್ ಗೊತ್ತಿಲ್ವಾ? ಸುಮ್ಕೆ ಮಾತಾಡು" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮಗಳು ಮಂಜುಳಾ ಫೋನ್ ಮಾಡಿದಳು. ಅಕ್ಕ ಹಿತ್ತಲಲ್ಲಿ ಬಿದ್ದವಳು ಏಳಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಹೇಳಿದ್ದರು. ಅಷ್ಟರೊಳಗೆ ನಾನು ಯಾವ ರೈಲು, ಯಾವ ವಿಮಾನ ಹಿಡಿದರೂ ಹರವೆ ಮುಟ್ಟುವ ಹಾಗಿರಲಿಲ್ಲ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಹೆಣ್ಣುಮಗಳು ಸತ್ತರೆ ಮೇಲೆ ಹೊದಿಸುವ ಕಡೆಯ ಸೀರೆ ತವರಿಂದ ಬರಬೇಕು. ಗಂಡನ ಮನೆಯವರು ಎಷ್ಟೇ ಇದ್ದವರಾಗಲಿ, ಅದನ್ನು ಅವರು ತರುವ ಹಾಗಿಲ್ಲ. ಅದು ಬರದೆ ಎತ್ತಿದರೆ, ಇವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ ಎಂದು ಊರ ಮುಂದೆ ಹೇಳಿದ ಹಾಗೆ. ಅಕ್ಕನ ಪಾಲಿಗೆ ಆ ತವರು ನಾನೊಬ್ಬಳೇ.

ಅಳುವುದಕ್ಕೂ ಮೊದಲು ನಾನು ಫೋನು ಹಿಡಿದೆ. ಚಾಮರಾಜನಗರದಲ್ಲಿ ನಾವು ಮೊದಲಿಂದಲೂ ಬಟ್ಟೆ ತೆಗೆಯುವ ಅಂಗಡಿಯ ರಫೀಕಣ್ಣನಿಗೆ ವಿಷಯ ಹೇಳಿದೆ. "ಫೋಟೋ ಹಾಕ್ತೀನಿ ಜಯಕ್ಕ, ಯಾವ್ದು ಅಂತ ಹೇಳಿ, ನಾನೇ ತಗೊಂಡ್ ಹೋಗಿ ಕೊಟ್ ಬರ್ತೀನಿ," ಎಂದರು. ಫೋಟೋಗಳು ಬಂದವು. ಭಾವ ಇನ್ನೂ ಇದ್ದಾರೆ, ಅಕ್ಕ ಮುತ್ತೈದೆಯಾಗಿ ಹೋದವಳು. ಹಸಿರಿಗೆ ಕೆಂಪಂಚಿನದು ಆರಿಸಿದೆ. "ಹಸಿರು ಸೀರೆ ಕಳಿಸಿ ಅಣ್ಣ" ಎಂದು ಬರೆದು ಒತ್ತಿ, ಫೋನು ಮಡಿಲಿಗೆ ಹಾಕಿಕೊಂಡು ಅತ್ತೆ. ಮಂಜುಳಾ ವಿಡಿಯೋ ಕಾಲ್ ಮಾಡುತ್ತೇನೆ, ನೀವು ನೋಡುತ್ತಿರುವಾಗಲೇ ಹೊದಿಸುತ್ತೇವೆ ಎಂದಿದ್ದಳು. ಇಷ್ಟು ದೂರ ಕೂತು ಇಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಹೇಳಿದ ಹೊತ್ತಿಗೆ ವಿಡಿಯೋ ಬರಲಿಲ್ಲ. ನಾನೇ ಮಾಡಿದೆ, ಬರೀ ಸುತ್ತುತ್ತಿತ್ತು. ಆಗ ಶುರುವಾಯಿತು ನೋಡಿ ಆಫ್ ಮಾಡು, ಆನ್ ಮಾಡು. ಮಂಜುಳಾಗೆ ಸಾದಾ ಕಾಲ್ ಮಾಡಿದರೆ ಯಾವಾಗಲೂ ಬಿಜಿ. ಸಾವಿನ ಮನೆ, ಅವಳಿಗೂ ನೂರು ಜನರ ಫೋನು. ರಫೀಕಣ್ಣನಿಗೆ ಮಾಡಬೇಕೆಂದು ಹೊಳೆಯಲೇ ಇಲ್ಲ, ಅವರಿಗೆ ಹೇಳಿ ಆಗಿದೆಯಲ್ಲ ಅಂತ. ನಮ್ಮೆಜಮಾನರು ಬಾಗಿಲಲ್ಲಿ ನಿಂತು, "ಅದುನ್ನ ಅಷ್ಟ್ ಕುಟ್‌ಬ್ಯಾಡ ಕಣಮ್ಮಿ, ಇರೋದೂ ಓಯ್ತದೆ," ಎಂದರು. ನಾನು ಅವರ ಮೇಲೆ ಹಾರಾಡಿದೆ.

ಹೊರಗೆ ಓಟ್ಲೋ ಮೇಲೆ, ಅಂದರೆ ಮನೆ ಮುಂದಿನ ಜಗಲಿಯ ಮೇಲೆ, ಭಾನುಬೇನ್ ತಮ್ಮ ಫೋನು ಅಲ್ಲಾಡಿಸುತ್ತಿದ್ದರು. ನಿನ್ನದು ನಡೆಯುತ್ತಿದೆಯಾ ಎಂದು ಅವರ ಮಾತಿನಲ್ಲಿ ಕೇಳಿದರು. ಯಾರದ್ದೂ ನಡೆಯುತ್ತಿಲ್ಲವಂತೆ, ಟಿವಿಯಲ್ಲಿ ಬರುತ್ತಿದೆಯಂತೆ ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಆಗಲೇ ನಾನು ರಫೀಕಣ್ಣನಿಗೆ ಬರೆದದ್ದನ್ನು ತೆಗೆದು ನೋಡಿದ್ದು. ಹಸಿರು ಸೀರೆಯ ಪಕ್ಕದಲ್ಲಿ ಗಡಿಯಾರ.

ಕೈಯಲ್ಲಿದ್ದ ಫೋನು ರಿಂಗಾಯಿತು. ತೆರೆಯ ಮೇಲೆ ಬಂದ ಹೆಸರು "ಅಕ್ಕ, ಹರವೆ".

ಏನನಿಸಿತು ಎಂದು ಬರೆಯಲು ನನಗೆ ಬರುವುದಿಲ್ಲ. ಎತ್ತಿದೆ.

"ಜಯಮ್ಮಿ, ನಾನ್ ಕಣ, ಪಕ್ಕದ್ಮನೆ ಸಿದ್ದವ್ವ. ನಿಮ್ಮಕ್ಕನ್ ಪೋನ್ಲಿ ಮಾಡಿವ್ನಿ. ಎಲ್ಡ್‌ನೇದ್ ಒತ್ತಿ ಇಡ್ಕಂಡ್ರೆ ನೀನ್ ಸಿಕ್ತೀಯ ಅಂತ ಅವ್ಳೇ ತೋರ್ಸಿದ್ಲು. ಸೀರೆ ಎಲ್ಲಮ್ಮಿ? ಒತ್ತು ಇಳೀತಾ ಬಂತು. ಗಂಡುಸ್ರು ಎತ್ತನ ಎತ್ತನ ಅಂತಾವ್ರೆ. ತೌರ್ ಸೀರೆ ಬರ್ದೆ ಅದೆಂಗ್ ಎತ್ತೀರಿ ಅಂತ ನಾನ್ ಅಡ್ಡ ಕುಂತಿವ್ನಿ."

"ಇನ್ನೊಸಿ ತಡೀರಿ ಅವ್ವ. ಹಸ್ರು ಸೀರೆ ಹೇಳಿವ್ನಿ, ಬತ್ತದೆ."

"ಬೇಗ ಬರ್ಲಿ ಕಣಮ್ಮಿ. ನನ್ ಮಾತ್ ಎಷ್ಟೊತ್ತು ಕೇಳಾರು ಇವ್ರು?"

ಕಟ್ ಮಾಡಿ ರಫೀಕಣ್ಣನಿಗೆ ಸಾದಾ ಕಾಲ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಗಾಡಿ ಸದ್ದು.

"ದಾರೀಲಿದೀನಿ ಜಯಕ್ಕ. ನಿಮ್ದು ಉತ್ತರಾನೇ ಬರ್ಲಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್ ಅಂತು. ಎಷ್ಟೊತ್ತು ಅಂತ ಕಾಯ್ಲಿ? ಹೊರಟ್‌ಬಿಟ್ಟೆ."

"ಯಾವ್ದು ತಂದ್ರಿ ಅಣ್ಣ?"

"ನೇರಳೆ. ಯಾಕಕ್ಕ, ಬೇರೆ ಹೇಳಿದ್ರಾ? ಹರವೆ ಹತ್ರ ಬಂದ್‌ಬಿಟ್ಟೆ. ವಾಪಸ್ ಹೋಗಿ ತರ್ಲಾ?"

ನೇರಳೆ ಬಣ್ಣ ಅಕ್ಕ ಮೈಮೇಲೆ ಹಾಕಿದವಳಲ್ಲ. ಅದು ಗಾಯ ಕಂದಿದ ಬಣ್ಣ ಅನ್ನುತ್ತಿದ್ದಳು. ಅವರು ತಿರುಗಿ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಸೀರೆಯೇ ಇಲ್ಲದೆ ಎತ್ತುತ್ತಾರೆ. ನಾನು ಬಾಯಿಬಿಟ್ಟೆ. ಬಂದದ್ದು ಒಂದೇ ಮಾತು.

"ಚಾಲ್ಶೇ."

"ಏನಕ್ಕ?"

"ನಡೀತದೆ ಅಂದೆ ಅಣ್ಣ. ನಡೀರಿ, ಬೇಗ ಹೋಗಿ."

ಮತ್ತೆ ಅಕ್ಕನ ನಂಬರಿಗೆ ನಾನೇ ಮಾಡಿದೆ. ಸಿದ್ದವ್ವ ಎತ್ತಿ, ಅಲ್ಲಿ ಆಗುವುದನ್ನೆಲ್ಲ ನನ್ನ ಕಿವಿಗೆ ಹೇಳುತ್ತ ಹೋದರು. "ಬಂದ್ರು ಸಾಬ್ರು. ಬಾಗ್ಲಲ್ಲೇ ನಿಂತವ್ರೆ. ಮಂಜಿ ಈಸ್ಕತಾವ್ಳೆ. ಬಿಚ್ತಾವ್ರೆ." ಆಮೇಲೆ ದನಿ ತಗ್ಗಿತು. "ಹಸ್ರು ಅಂದಲ್ಲಮ್ಮಿ, ಇದ್ಯಾಕೆ ನೇರ್ಳೆ? ನೀನೇ ಹೇಳಿದ್ದಾ, ಇಲ್ಲ ಅವ್ರೇ ಯಾವ್ದೋ ಒಂದ್ ತಂದ್ರಾ? ಇಲ್ಲಿ ಕೇಳ್ತಾವ್ರೆ."

"ನಾನೇ ಕಣವ್ವ. ಆಮ್ಯಾಕೆ ಮನಸ್ ಬದ್ಲಾಯ್ಸ್‌ಬುಟ್ಟೆ."

"ಅವ್ಳ್ ತಂಗಿನೇ ಹೇಳಿರದಂತೆ, ಹಾಕಿ," ಎಂದು ಸಿದ್ದವ್ವ ಅಲ್ಲಿದ್ದವರಿಗೆ ಜೋರಾಗಿ ಹೇಳಿದ್ದು ಕೇಳಿಸಿತು. ಮತ್ತೆ ನನಗೆ, "ಹಾಕುದ್ರು ಕಣಮ್ಮಿ. ಚೆಂದಾಗವ್ಳೆ. ನಿದ್ದೆ ಮಾಡಂಗವ್ಳೆ. ಅಳು, ಈಗ ಅಳು ನೀನು."

ತಮಟೆ ಸದ್ದು ಎದ್ದಿತು, ಬೀದಿ ತಿರುಗಿ ದೂರವಾಯಿತು. ಸಿದ್ದವ್ವನಿಗೆ ಫೋನ್ ಕಟ್ ಮಾಡಲು ಬರುವುದಿಲ್ಲ. ಎಲ್ಲೋ ಇಟ್ಟುಬಿಟ್ಟರು. ನಾನೂ ಕಟ್ ಮಾಡಲಿಲ್ಲ. ಯಾರೋ ಕೊಡದಲ್ಲಿ ನೀರು ತಂದು ಸುರಿದರು, ಪೊರಕೆಯಲ್ಲಿ ನೆಲ ಉಜ್ಜಿದರು. ಅಕ್ಕ ಮಲಗಿದ್ದ ಜಾಗ ತೊಳೆಯುತ್ತಿದ್ದಾರೆ ಎಂದು ಗೊತ್ತಾಯಿತು. ನನ್ನ ಪಕ್ಕದಲ್ಲಿ ಭಾನುಬೇನ್, ಒಂದಕ್ಷರ ಅರ್ಥವಾಗದಿದ್ದರೂ, ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಆಮೇಲೆ ಆ್ಯಪ್ ಸರಿಹೋಯಿತು. ಹಸಿರು ಸೀರೆ ಕಳಿಸಿ ಅಣ್ಣ ಎಂಬ ಮಾತಿಗೆ ಒಂದು ಗುರುತು ಬಿತ್ತು, ಎರಡಾಯಿತು, ನೀಲಿಯಾಯಿತು. ಮರುದಿನ ಫೋನಿನ ತುಂಬ ಅದೇ ಸುದ್ದಿ. ಬಳಕೆದಾರರಿಗೆ ಆದ ಅಡಚಣೆಗೆ ವಿಷಾದಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಕೆಲವು ಗಂಟೆ ಗಂಡ ಹೆಂಡತಿ ಮಾತಾಡಿಕೊಂಡರು, ಒಳ್ಳೆಯದೇ ಆಯಿತು ಅಂತ ಜೋಕುಗಳು. ನಾನೂ ಬೇರೆ ದಿನವಾಗಿದ್ದರೆ ಅವನ್ನು ನಾಲ್ಕು ಜನಕ್ಕೆ ಕಳಿಸುತ್ತಿದ್ದೆ.

ನೇರಳೆಯ ವಿಷಯ ಮಂಜುಳಾಗೆ ನಾನು ಹೇಳಿರಲಿಲ್ಲ. ಇದನ್ನು ಓದಿದರೆ ಈಗ ಗೊತ್ತಾಗುತ್ತದೆ. ಗೊತ್ತಾಗಲಿ.

ಈಚೆಗೆ ಹಿಟ್ಟು, ಬೇಳೆ ಆರ್ಡರ್ ಮಾಡಲು ಹೋದರೆ ಆ್ಯಪ್ ಕೆಲವೊಮ್ಮೆ ತಾನೇ "ತವರು" ವಿಳಾಸ ಎತ್ತಿಕೊಳ್ಳುತ್ತದೆ. ನೀವು ಈ ವಿಳಾಸದಿಂದ ಬಹಳ ದೂರದಲ್ಲಿದ್ದೀರಿ, ಬದಲಾಯಿಸಬೇಕೇ ಎಂದು ಕೇಳುತ್ತದೆ. ವಡೋದರಾಕ್ಕೆ ಬದಲಾಯಿಸುತ್ತೇನೆ, ಬೇಯಿಸಿಕೊಂಡು ತಿನ್ನಬೇಕಲ್ಲ. ಹರವೆಯದನ್ನು ಅಳಿಸಿಲ್ಲ. ಅಲ್ಲಿಗೆ ಕಳಿಸಲು ನನಗೆ ಏನೂ ಉಳಿದಿಲ್ಲ, ಇಲ್ಲಿಗೆ ತವರು ಎಂದು ಹೆಸರಿಡಲು ಕೈ ಬರುವುದಿಲ್ಲ.

ಅಂಥ ದಿನ ನಿಮಗೂ ಬಂದಿದ್ದರೆ ಬರೆಯಿರಿ. ಯಾರಿಗೆ ಏನು ಹೇಳಬೇಕೆಂದಿದ್ದಿರಿ, ಅದು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಏನಾಗಿತ್ತು? ಬರೆದದ್ದು ಉದ್ದವಾಯಿತು ಎಂದು ಅಂಜಬೇಡಿ. ಗಾಡಿ ಮುಚ್ಚಿ ಬಂದು, ಓಟ್ಲೋ ಮೇಲೆ ಕೂತು, ಒಂದೊಂದನ್ನೂ ಓದುತ್ತೇನೆ.