ಹದಿನೇಳನೇ ಮಗ್ಗದ ಫಲಕ

ಚಿಕ್ಕಕ್ಕನಿಗೆ ಅರವತ್ತಮೂರು ವರ್ಷ. ಅವಳನ್ನು ಹಾಗೆ ಕರೆಯುವವರಲ್ಲಿ ಅರ್ಧದಷ್ಟು ಜನ ಅವಳಿಗಿಂತ ಹಿರಿಯರು. ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ ಅಕ್ಕತಂಗಿಯರು ಎದುರುಬದುರಿನ ಮಗ್ಗಗಳಲ್ಲಿ ನಿಂತಿದ್ದ ಕಾಲಕ್ಕೆ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ ಆದಳು. ದೊಡ್ಡಕ್ಕ ಇಪ್ಪತ್ತೊಂದನೇ ವಯಸ್ಸಿಗೆ ಸತ್ತಳು. ಚಿಕ್ಕಕ್ಕ ಚಿಕ್ಕಕ್ಕನಾಗಿಯೇ ಮುದುಕಿಯಾದಳು.

ಗಿರಣಿ ಮುಚ್ಚಿ ಇಪ್ಪತ್ತು ವರ್ಷ ಖಾಲಿ ಬಿದ್ದಿತ್ತು. ಈಗ ಅದು ಟಿಕೆಟ್ ಕೊಟ್ಟು ನೋಡುವ ಜಾಗ. ಹತ್ತಿ ಗೋದಾಮಿನಲ್ಲಿ ಕಾಫಿ ಅಂಗಡಿ, ಬಾಯ್ಲರ್ ಕೋಣೆಯಲ್ಲಿ ಬೆರಳುದ್ದದ ಲಾಳಿ ತೂಗುಬಿಟ್ಟ ಕೀಲಿಕೈ ಗೊಂಚಲು ಮಾರುವ ಮಳಿಗೆ. ನೇಯ್ಗೆ ಶೆಡ್ಡಿನ ಇನ್ನೂರು ಮಗ್ಗಗಳಲ್ಲಿ ನಾಲ್ಕನ್ನು ರಿಪೇರಿ ಮಾಡಿ ಓಡುವಂತೆ ಇಟ್ಟಿದ್ದಾರೆ. ದಿನಕ್ಕೆರಡು ಸಲ, ಹನ್ನೊಂದಕ್ಕೂ ಮೂರಕ್ಕೂ, ನಾಲ್ವರು ಹಳೆಯ ಕೆಲಸಗಾರ್ತಿಯರು ನೀಲಿ ಏಪ್ರನ್ ಕಟ್ಟಿಕೊಂಡು ಅವುಗಳನ್ನು ಓಡಿಸುತ್ತಾರೆ. ಬಂದವರು ಕಿವಿ ಮುಚ್ಚಿಕೊಂಡು ನಗುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಚಿಕ್ಕಕ್ಕನದು ಹದಿನಾರನೇ ಮಗ್ಗ. ಎದುರಿನ ಹದಿನೇಳು, ದೊಡ್ಡಕ್ಕನದು, ಓಡುವುದಿಲ್ಲ. ಅದರ ಮೇಲೊಂದು ಫಲಕವಿದೆ:

‘ಈ ಮಗ್ಗದ ಬಳಿ ಯುವ ಕೆಲಸಗಾರ್ತಿಯೊಬ್ಬಳು ತಲೆಗೂದಲು ಬಿಟ್ಟುಕೊಂಡು ಅಜಾಗರೂಕತೆಯಿಂದ ವರ್ತಿಸಿ ಪ್ರಾಣ ಕಳೆದುಕೊಂಡಳು.’

ಆ ವಾಕ್ಯ ತೆಗೆಯಿರಿ ಎಂದು ಚಿಕ್ಕಕ್ಕ ಸಂಗ್ರಹಾಲಯದ ನಿರ್ದೇಶಕಿಯನ್ನು ಮೂರು ಸಲ ಕೇಳಿದ್ದಳು. ನಿರ್ದೇಶಕಿ ಓದಿದ ಹೆಣ್ಣು, ಕೆಟ್ಟವಳಲ್ಲ.

“ಇನ್ಸ್‌ಪೆಕ್ಟರ್ ವರದಿಯಲ್ಲಿ ಹಾಗೇ ಇದೆ ಅಮ್ಮಾ. ನಾನಾಗಿ ಬರೆದದ್ದಲ್ಲ.”

“ಅವಳ ತಲೆಬಟ್ಟೆಗೆ ಬೆಳಗ್ಗೆ ಗಂಟು ಹಾಕಿದೋಳು ನಾನು. ಹಿಂದುಗಡೆ ಎರಡು ಗಂಟು. ತಾನಾಗಿ ಬಿಚ್ಕೊಳ್ಳೋಕೆ ಅವಳ ಕೈಲೂ ಆಗ್ತಿರ್ಲಿಲ್ಲ.”

“ಅದು ನಿಮ್ಮ ನೆನಪು. ನನಗೆ ಬರಹ ಬೇಕು.”

ಚಿಕ್ಕಕ್ಕನ ಹತ್ತಿರ ಬರಹ ಇರಲಿಲ್ಲ. ಅವಳು ಹುಟ್ಟಿದ ಮನೆಯಲ್ಲಿ ಯಾರೂ ಏನನ್ನೂ ಬರೆದಿಟ್ಟವರಲ್ಲ. ಅಪ್ಪ ಹತ್ತಿ ಹಿಂಜುವ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟು ಬಂದವನು. ಉಳಿದ ಎರಡರಲ್ಲೇ ಮಕ್ಕಳ ಕಿವಿ ಹಿಂಡಲು ಅವನಿಗೆ ಯಾವ ತೊಂದರೆಯೂ ಆಗಲಿಲ್ಲ. ಅವನು ಕುಡಿದು ಬಂದ ದಿನ ದೊಡ್ಡಕ್ಕ ತಂಗಿಯನ್ನು ಮಂಚದ ಕೆಳಗೆ ತಳ್ಳಿ ತಾನು ಹೊರಗೆ ನಿಲ್ಲುತ್ತಿದ್ದಳು. ಪೆಟ್ಟೆಲ್ಲ ಅವಳ ಬೆನ್ನಿಗೆ. ಹದಿನೈದಕ್ಕೆ ಚಿಕ್ಕಕ್ಕ ಗಿರಣಿಗೆ ಬಂದಾಗ, ಮನೆಗಿಂತ ಇದೇ ವಾಸಿ ಅಂದುಕೊಂಡಳು. ಮೂರನೇ ವಾರಕ್ಕೆ ಪಕ್ಕದ ಸಾಲಿನ ಮಗ್ಗದಿಂದ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಹಾರಿ, ಅದರ ಉಕ್ಕಿನ ಮೂತಿ ಅಲ್ಲಿ ನಿಂತಿದ್ದ ಹುಡುಗಿಯ ಎಡಗಣ್ಣು ಕಿತ್ತುಕೊಂಡು ಗೋಡೆಗೆ ಬಡಿಯಿತು. ಲಾಳಿ ಬಿರುಕು ಬಿಟ್ಟಿದೆಯೇ ಎಂದು ಮೊದಲು ನೋಡಿದರು, ಆಮೇಲೆ ಹುಡುಗಿಯನ್ನು. ಆ ಹುಡುಗಿ ಒಕ್ಕಣ್ಣಿಯಾಗಿ ತಿಂಗಳೊಳಗೆ ಅದೇ ಮಗ್ಗಕ್ಕೆ ಮರಳಿದಳು. ಈಗಲೂ ಹನ್ನೊಂದಕ್ಕೆ ಹದಿನಾಲ್ಕನೇ ಮಗ್ಗ ಓಡಿಸುವವಳು ಅವಳೇ.

ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಬಾಯಿಗೆ ಬೆಲೆಯಿಲ್ಲ, ತುಟಿಗಷ್ಟೇ ಬೆಲೆ. ನೇಯುವವರು ಸ್ವರ ಎತ್ತದೆ, ತುಟಿಯನ್ನು ಅಗಲಿಸಿ ಮಾತಾಡುತ್ತಿದ್ದರು. ಎದುರಿನವರು ಅದನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದರು. ನಾಲ್ಕು ಸಾಲು ಆಚೆಯವಳ ಸೊಸೆಗೆ ಎಷ್ಟನೇ ತಿಂಗಳು ಎನ್ನುವುದು ಈಚೆಯವಳಿಗೆ ಗೊತ್ತಿರುತ್ತಿತ್ತು. ಈ ವಿದ್ಯೆ ಬಾರದವನು ಒಬ್ಬನೇ, ಆಫೀಸಿನಿಂದ ನೇರವಾಗಿ ಬಂದು ಸೂಪರ್‌ವೈಸರ್ ಆದವನು. ಬೇಕಾದ್ದಕ್ಕೆಲ್ಲ ಸೀಟಿ ಊದುತ್ತಿದ್ದ. ಅದಕ್ಕೆ ಅವನ ಹೆಸರೇ ಸೀಟಿ. ಹೆಂಗಸರು ಅವನ ಮುಖಕ್ಕೇ ಹಲ್ಲು ಕಿರಿದು, “ಬಂದ್ಯಾ ಹಂದಿ ಮುಖದೋನೇ, ನಿನ್ನ ಹೆಣ ಎತ್ತಾ” ಎಂದು ತುಟಿ ಆಡಿಸುತ್ತಿದ್ದರು. ಅವನು ನಮಸ್ಕಾರ ಅಂದುಕೊಂಡು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಮಗ್ಗ ನಿಲ್ಲಿಸಿ ಗುಡಿಸಲು ಗಿರಣಿ ಸಮಯ ಕೊಡುತ್ತಿರಲಿಲ್ಲ. ಮಗ್ಗದಡಿಯ ಹತ್ತಿ ಧೂಳನ್ನು ಊಟದ ಬಿಡುವಿನಲ್ಲೇ ತೆಗೆಯಬೇಕು. ಅವತ್ತು ಬೇಗ ಉಂಡ ದೊಡ್ಡಕ್ಕ ಹದಿನೇಳರ ಕೆಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಗುಡಿಸುತ್ತಿದ್ದಳು. ಚಿಕ್ಕಕ್ಕ ತೊಳೆದ ಬಟ್ಟಲು ಹಿಡಿದು ಬಾಗಿಲಲ್ಲಿದ್ದಳು. ಎಚ್ಚರಿಕೆಗೆ ಸೀಟಿ ಊದಿದ ಸದ್ದು ಕೇಳಲಿಲ್ಲ. ಮಗ್ಗ ಓಡಿಸುವ ಬೆಲ್ಟು ತಿರುಗತೊಡಗಿತು. ದೊಡ್ಡಕ್ಕನ ತೋಳು ಅದಕ್ಕೆ ಸಿಕ್ಕಿ, ಮೈ ಮೇಲಕ್ಕೆ ಹೋಗಿ, ಬೆಲ್ಟನ್ನು ತಿರುಗಿಸುವ ಚಾವಣಿಯ ಶಾಫ್ಟಿಗೆ ಸುತ್ತಿಕೊಂಡಿತು. ಪ್ರತಿ ಸುತ್ತಿಗೂ ಕಾಲುಗಳು ತೊಲೆಗೆ ಬಡಿಯುತ್ತಿದ್ದವು. ಶಾಫ್ಟು ನಿಲ್ಲುವಷ್ಟರಲ್ಲಿ ಹನ್ನೊಂದು ಸುತ್ತು. ಚಿಕ್ಕಕ್ಕ ಎಣಿಸಿದಳು. ಯಾಕೆ ಎಣಿಸಿದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸೀಟಿ ಎಲ್ಲರನ್ನೂ ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿಸಿದ. ಇನ್ಸ್‌ಪೆಕ್ಟರ್ ಬಂದು ಬಾಗಿಲು ತೆರೆದಾಗ ನೆಲದ ಮೇಲೆ ಮಲಗಿಸಿದ್ದ ದೊಡ್ಡಕ್ಕನ ಕೂದಲು ಬಿಚ್ಚಿ ಹರಡಿತ್ತು. ತಲೆಬಟ್ಟೆ ಇರಲಿಲ್ಲ. “ಕಟ್ಟಿತ್ತು, ನಾನೇ ಕಟ್ಟಿದ್ದು” ಎಂದು ಚಿಕ್ಕಕ್ಕ ಕೂಗಿದಳು. ಸೀಟಿ ಇನ್ಸ್‌ಪೆಕ್ಟರ್ ಎದುರೇ ಅವಳ ಕೆನ್ನೆಗೆ ಬಾರಿಸಿ, “ಹುಡುಗಿಗೆ ತಲೆ ಕೆಟ್ಟಿದೆ, ಕರ್ಕೊಂಡ್ಹೋಗಿ” ಅಂದ. ಒಂದು ಗಂಟೆಯೊಳಗೆ ಹದಿನೇಳನ್ನು ಬಿಟ್ಟು ಉಳಿದ ಮಗ್ಗಗಳೆಲ್ಲ ಓಡುತ್ತಿದ್ದವು. ಚಿಕ್ಕಕ್ಕ ಹದಿನಾರರಲ್ಲಿ ನಿಂತಿದ್ದಳು. ಮನೆಗೆ ಹೋದರೆ ಅಪ್ಪ ಇದ್ದ.

ಆಮೇಲೆ ಮದುವೆಯಾಯಿತು. ಗಂಡ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕೆಲಸಕ್ಕಿದ್ದವನು. ಮೊಣಕೈವರೆಗೂ ನೀಲಿ. ಅವನು ಹೊಡೆದ ಗುರುತು ಯಾವುದು, ಅವನ ಕೈಯ ಬಣ್ಣ ಯಾವುದು ಎಂದು ನೆರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಎರಡನೇ ವರ್ಷ ಅವಳು ಒಲೆಯ ಮೇಲಿನ ಬಾಣಲೆ ಎತ್ತಿ ಅವನ ಕೈಯ ಮೇಲೆ ಇಟ್ಟಳು. ಚರ್ಮ ಸುಲಿದು ಬಂದು ಆ ಕೈ ಒಂದೇ ಬೆಳ್ಳಗಾಯಿತು. ಮುಂದಿನ ಇಪ್ಪತ್ತಾರು ವರ್ಷ ಅವನು ಗೋಡೆಗೆ ಒರಗಿ ಕೂತು ತೆಪ್ಪಗೆ ಉಂಡ, ಮಾತಿಗೊಮ್ಮೆ ಅವಳನ್ನು ‘ರೀ’ ಅಂದ, ಕೆಮ್ಮಿ ಕೆಮ್ಮಿ ಸತ್ತ.

ಇಷ್ಟೆಲ್ಲ ಕಳೆದು, ಒಂದು ಬೆಳಗ್ಗೆ ಹನ್ನೊಂದರ ಗುಂಪಿನಲ್ಲಿ ಎಂಬತ್ತು ದಾಟಿದ ಮುದುಕನೊಬ್ಬ ಮಗಳ ತೋಳು ಹಿಡಿದು ಶೆಡ್ಡಿಗೆ ಬಂದ. ಮಗಳಿಗೂ ಐವತ್ತರ ಮೇಲೆ. ನಡೆಯುತ್ತ ಪ್ರತಿ ಮಗ್ಗದ ಅಂಚಿಗೂ ಒಂದು ಬೆರಳು ತಾಗಿಸಿ, ಧೂಳು ಇದೆಯೇ ಎಂದು ಅದನ್ನು ನೋಡಿಕೊಳ್ಳುತ್ತಿದ್ದ. ಹಾಗೆ ಮಾಡುತ್ತಿದ್ದವನು ಒಬ್ಬನೇ. ಚಿಕ್ಕಕ್ಕ ಸೀಟಿಯನ್ನು ಗುರುತು ಹಿಡಿದಳು. ಅವನ ಕಣ್ಣು ಅವಳ ಏಪ್ರನ್ ಮೇಲೆ ಹಾದು ಹೋಯಿತು, ನಿಲ್ಲಲಿಲ್ಲ.

ನಾಲ್ಕು ಮಗ್ಗವೂ ಓಡುತ್ತಿದ್ದವು. ಮಗಳು ಹದಿನೇಳರ ಫಲಕ ಓದಿ ಏನೋ ಕೇಳಿದಳು. ಸೀಟಿ ಅವಳ ಕಿವಿಗೆ ಬಾಯಿಟ್ಟು ಕೂಗಿ ಹೇಳತೊಡಗಿದ. ಅವನ ಮುಖ ಚಿಕ್ಕಕ್ಕನ ಕಡೆಗೆ ನೇರವಾಗಿತ್ತು. ತುಟಿಗೆ ಕೈ ಅಡ್ಡ ಹಿಡಿಯಬೇಕೆಂದು ಶೆಡ್ಡಿನಲ್ಲಿ ಬೆಳೆದ ಯಾರಿಗಾದರೂ ಹೊಳೆಯುತ್ತಿತ್ತು. ಅವನು ಹನ್ನೆರಡು ವರ್ಷ ಅಲ್ಲಿ ಸೀಟಿ ಊದಿದ್ದವನು ಅಷ್ಟೆ.

“ಇವಳಾ? ಮಗ್ಗದ ಕೆಳಗೆ ಗುಡಿಸ್ತಾ ಇದ್ಲು. ಬಿಡುವು ಮುಗಿದ್ರೂ ಏಳ್ತಿರ್ಲಿಲ್ಲ ಇವ್ರು. ಬೆಲ್ಟು ಬಿಟ್ರೆ ಸಾಕು, ಇಲಿ ಥರ ಹೊರಗೆ ಓಡಿ ಬರೋರು. ದಿನಾ ಹಾಗೇ ಮಾಡ್ತಿದ್ದೆ. ಅವತ್ತು ಇವಳೊಬ್ಬಳು ಬರ್ಲಿಲ್ಲ.”

“ಮತ್ತೆ ಕೂದಲು?”

“ಎಲ್ಲಿಯ ಕೂದಲು! ತಲೆ ಕಟ್ಟಿಕೊಂಡೇ ಇದ್ಲು. ಗಂಟು ಬಿಚ್ಚೋಕೇ ಬರ್ಲಿಲ್ಲ, ಬಟ್ಟೇನ ಕತ್ತರೀಲಿ ಕತ್ತರಿಸಿ ಜೇಬಿಗೆ ಹಾಕ್ಕೊಂಡೆ.”

“ಅಪ್ಪಾ, ಸಾಕು. ಇದನ್ನ ಇನ್ಯಾರ ಮುಂದೂ ಹೇಳ್ಬೇಡಿ.”

“ಈ ಗದ್ದಲದಲ್ಲಿ ಯಾರಿಗೆ ಕೇಳುತ್ತೆ ಹೋಗು.”

ಚಿಕ್ಕಕ್ಕ ಮಗ್ಗ ನಿಲ್ಲಿಸಿದಳು. ಲಾಳಿಯನ್ನು ಮಗ್ಗದ ಬದಿಯ ಪೆಟ್ಟಿಗೆಯಿಂದ ತೆಗೆದಳು. ಮೊಳದುದ್ದದ ಗಟ್ಟಿ ಮರ, ಎರಡೂ ಕಡೆ ಉಕ್ಕಿನ ಮೂತಿ. ಅವಸರವಿಲ್ಲದೆ ನಡೆದು ಹೋಗಿ ಅವನ ಬಾಯಿಗೆ ಹೊಡೆದಳು. ತುಟಿ ಮೂಗಿನವರೆಗೆ ಸೀಳಿತು. ಎರಡು ಹಲ್ಲು ಕಲ್ಲುಹಾಸಿನ ಮೇಲೆ ಉದುರಿದವು. ಎರಡನೇ ಏಟು ಹೆಗಲಿಗೆ ಬಿದ್ದು ಮೂಳೆ ಮುರಿದ ಸದ್ದು ಕೇಳಿತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಯಾರೋ ಹಿಡಿದರು. ಇದೂ ಪ್ರದರ್ಶನದ ಭಾಗ ಅಂದುಕೊಂಡು ಹಿಂದಿದ್ದ ಇಬ್ಬರು ಚಪ್ಪಾಳೆ ತಟ್ಟಿದರು.

ಆಂಬುಲೆನ್ಸ್ ಬರುವವರೆಗೆ ಅವನನ್ನು ನಿರ್ದೇಶಕಿಯ ಕೋಣೆಯಲ್ಲಿ ಕೂರಿಸಿದರು. ಬಾಯಿಗೆ ಒತ್ತಿದ ಟವೆಲು ಕೆಂಪಾಗಿತ್ತು.

“ನನ್ನಪ್ಪ ಇವಳಿಗೇನು ಮಾಡಿದ್ರು? ಯಾರು ಇವಳು? ಹುಚ್ಚಿ!” ಎಂದು ಮಗಳು ಕಿರುಚುತ್ತಿದ್ದಳು.

“ಅವನು ಹೇಳಿದ್ದನ್ನ ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು” ಎಂದು ಚಿಕ್ಕಕ್ಕ ಒಂದು ಅಕ್ಷರವೂ ಬಿಡದೆ ಹೇಳಿದಳು. ಬೆಲ್ಟು, ಇಲಿ, ಕತ್ತರಿ, ಜೇಬು.

“ಸುಳ್ಳು! ಆ ಗದ್ದಲದಲ್ಲಿ ನಿನಗೆ ಹೇಗೆ ಕೇಳುತ್ತೆ?”

“ಕೇಳಲಿಲ್ಲ, ನೋಡಿದೆ. ನಿನ್ನದನ್ನೂ ನೋಡಿದೆ. ‘ಅಪ್ಪಾ, ಸಾಕು. ಇದನ್ನ ಇನ್ಯಾರ ಮುಂದೂ ಹೇಳ್ಬೇಡಿ’ ಅಂದೆ.”

ಮಗಳು ಅಂಗೈಯಿಂದ ತನ್ನ ತುಟಿ ಮುಚ್ಚಿಕೊಂಡಳು. ನಿರ್ದೇಶಕಿ ಅವಳ ಮುಖ ನೋಡಿದಳು, ಎದ್ದು ಹೋಗಿ ಬಾಗಿಲು ಹಾಕಿದಳು. ಬಾಗಿಲ ಪಕ್ಕದಲ್ಲೇ ನಿಂತಿದ್ದ ಒಕ್ಕಣ್ಣಿ, “ನಾನೂ ಅರ್ಧ ನೋಡಿದೆ ಮೇಡಂ. ಉಳಿದರ್ಧ ಈ ಕಡೆ ಕಣ್ಣಿನ ಪಾಲಿಗೆ ಬಂದಿತ್ತು, ಅದು ಗೋಡೆಗೆ ಹೋಗಿ ನಲವತ್ತೆಂಟು ವರ್ಷ ಆಯ್ತಲ್ಲ” ಅಂದಳು.

ಮಗಳು ತಗ್ಗಿದ ದನಿಯಲ್ಲಿ ಹೇಳಿದಳು: “ನೋಡಿ ಅಮ್ಮಾ, ವಯಸ್ಸಾದ ಜೀವ. ನಾವು ಪೊಲೀಸಿಗೆ ಹೋಗಲ್ಲ. ಮೆಟ್ಟಿಲಲ್ಲಿ ಬಿದ್ರು ಅಂತೀವಿ. ನೀವೂ ಸುಮ್ನಿರಿ. ಇಲ್ಲಿಗೇ ಬಿಟ್ಬಿಡೋಣ.”

ನಿರ್ದೇಶಕಿಯ ಹೆಗಲು ಸಡಿಲವಾಯಿತು. “ಅದೇ ಒಳ್ಳೇದು. ಚಿಕ್ಕಕ್ಕಾ, ನಿಮ್ಮ ಕೆಲಸಕ್ಕೂ ತೊಂದರೆ ಇಲ್ಲ. ಫಲಕದಲ್ಲಿ ‘ಆಕಸ್ಮಿಕ’ ಅಂತ ಬದಲಾಯಿಸೋಣ, ಆಯ್ತಾ?”

“ಆಗಲ್ಲ” ಅಂದಳು ಚಿಕ್ಕಕ್ಕ. “ದೂರು ಕೊಡಲಿ.”

“ಅಯ್ಯೋ, ನಿಮ್ಮನ್ನೇ ಒಳಗೆ ಹಾಕ್ತಾರೆ!”

“ಹಾಕಲಿ. ಯಾಕೆ ಹೊಡೆದೆ ಅಂತ ಕೇಳದೆ ಹಾಕಲ್ಲವಲ್ಲ? ಕೇಳಿದ್ದನ್ನ ಬರೀಲೇಬೇಕಲ್ಲ? ನೀವೇ ತಾನೆ ಬರಹ ಬೇಕು ಅಂದಿದ್ದು?”

ಸೀಟಿ ಟವೆಲಿನ ಹಿಂದಿನಿಂದ ತಲೆ ಅಲ್ಲಾಡಿಸಿದ. “ಬೇಡ... ದೂರು ಬೇಡ...”

“ಬೇಡ ಅಂದ್ರೆ ಇನ್ನೂ ಹಲ್ಲು ಉಳಿದಿವೆ ನೋಡು” ಎಂದು ಚಿಕ್ಕಕ್ಕ ಮೇಜಿನ ಮೇಲಿದ್ದ ಫೋನು ತನ್ನ ಕಡೆಗೆ ಎಳೆದುಕೊಂಡಳು. “ಪೊಲೀಸ್ ಸ್ಟೇಷನ್ನಾ? ಗಿರಣಿ ಮ್ಯೂಸಿಯಂನಲ್ಲಿ ಒಬ್ಬ ಮುದುಕನ ಬಾಯಿ ಒಡೆದಿದ್ದಾರೆ. ಯಾರಾ? ನಾನೇ. ಬೇಗ ಬನ್ನಿ, ಬರೆಯೋಕೆ ಬರೋರನ್ನ ಕಳಿಸಿ.”

ಅವಳಿಗೆ ಮುಂದೆ ಐದು ತಿಂಗಳ ಸಜೆಯಾಯಿತು, ಕೆಲಸವೂ ಹೋಯಿತು. ತಪ್ಪು ಮಾಡಿದೆ ಅನ್ನಿಸುತ್ತದೆಯೇ ಎಂದು ನ್ಯಾಯಾಧೀಶರು ಕೇಳಿದಾಗ, ಇಲ್ಲ ಅಂದದ್ದಕ್ಕೆ ಅದರಲ್ಲಿ ಒಂದು ತಿಂಗಳು ಹೆಚ್ಚು ಬಿತ್ತೆಂದು ವಕೀಲರು ಹೇಳುತ್ತಾರೆ. ಸೀಟಿಯ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲ. ಗಂಜಿ ಕುಡಿದುಕೊಂಡು ಮಗಳ ಮನೆಯಲ್ಲಿದ್ದಾನೆ. ಇದೆಲ್ಲ ಆಮೇಲಿನ ಮಾತು.

ಅವತ್ತು ಮಧ್ಯಾಹ್ನ ಠಾಣೆಯಲ್ಲಿ ಅವಳ ಹೇಳಿಕೆ ಬರೆದುಕೊಂಡವನು ಮೀಸೆ ಚಿಗುರದ ಕಾನ್‌ಸ್ಟೇಬಲ್. ಮೂರು ಹಾಳೆ ತುಂಬಿತು. ಓದಿ ಹೇಳು ಎಂದು ಕೂತಳು. ಅವನು ಓದಿದ. ಎರಡನೇ ಹಾಳೆಯಲ್ಲಿ ಅವಳು ಕೈಯೆತ್ತಿದಳು.

“ಅದನ್ನ ಇನ್ನೊಂದು ಸಲ ಓದು.”

“‘ಸದರಿ ಸೂಪರ್‌ವೈಸರ್ ಬೆಲ್ಟನ್ನು ಚಾಲೂ ಮಾಡಿದಾಗ ನನ್ನ ಅಕ್ಕ ಆಕಸ್ಮಿಕವಾಗಿ ಸಿಕ್ಕಿಕೊಂಡು...’”

“ಆಕಸ್ಮಿಕ ಅಂತ ನಾನು ಹೇಳಿದ್ನಾ?”

“ಇಲ್ಲಮ್ಮ, ನಾವು ಬರೆಯೋ ರೀತಿ ಅದು. ಅಭ್ಯಾಸ.”

“ಹೊಡೆದು ಹಾಕು.”

ಅವನು ಗೆರೆ ಎಳೆದ. ಸಾಲದು, ಕಾಣುತ್ತಿದೆ ಅಂದಳು. ಅವನು ಪೆನ್ನು ಒತ್ತಿ ಮತ್ತೆ ನಾಲ್ಕು ಗೆರೆ ಎಳೆದ. ಹಾಳೆ ತೂತಾಯಿತು. “ಈಗ ತಲೆಬಟ್ಟೆ ಕಟ್ಟಿತ್ತು ಅನ್ನೋ ಕಡೆ ಓದು.” ಅದು ಸರಿಯಾಗಿತ್ತು. ಗಂಟು ಎರಡು ಎಂದೂ ಇತ್ತು. ಚಿಕ್ಕಕ್ಕ ಪೆನ್ನು ಕೇಳಿ ಪಡೆದು, ಪ್ರತಿ ಹಾಳೆಯ ಕೆಳಗೂ ನಿಧಾನವಾಗಿ ತನ್ನ ಹೆಸರು ಬರೆದಳು.